ಮುರಿದ ಓಲೆಗೆ ಒಂದು ಪ್ರತಿ

ಮುರಿದದ್ದು ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ತೀರ್ಥಹಳ್ಳಿ ಕಡೆಯ ನಮ್ಮ ಹಳೇ ಮನೆಯ ಅಟ್ಟದಲ್ಲಿ ಒಂದು ತಾಳೆಗರಿ ಕಟ್ಟು ಇತ್ತು. ಕುಮಾರವ್ಯಾಸ ಭಾರತ. ಪೂರ್ತಿ ಅಲ್ಲ, ಆದಿಪರ್ವದ ಒಂದು ಭಾಗ, 84 ಓಲೆ. ಹೋದ ವರ್ಷ ಮಾಡು ರಿಪೇರಿಗೆ ಹೆಂಚು ಇಳಿಸಿದಾಗ ಅದನ್ನೂ ಕೆಳಗೆ ತಂದೆವು. ಕೆಂಪು ಬಟ್ಟೆ ಬಿಚ್ಚಿದೆ. ದಾರ ಓಲೆಗೇ ಅಂಟಿಕೊಂಡಂತೆ ಕೂತಿತ್ತು. ತುದಿ ಹಿಡಿದು ಸ್ವಲ್ಪ ಎಳೆದೆ ಅಷ್ಟೇ. ಹಪ್ಪಳ ಮುರಿದಂಥ ಸದ್ದು. ಮೊದಲನೇ ಓಲೆ ಬಲಗಡೆ ತೂತಿನ ಹತ್ತಿರ ಎರಡಾಯಿತು. ಸಣ್ಣ ತುಂಡು ಎತ್ತಿಕೊಳ್ಳಲು ಹೋದರೆ ಅದು ಬೆರಳಲ್ಲೇ ಪುಡಿಯಾಯಿತು.

ಜಗಲಿಯಲ್ಲಿ ಕೂತಿದ್ದ ಚಿಕ್ಕಜ್ಜ, ಅಂದರೆ ನಮ್ಮಜ್ಜನ ತಮ್ಮ, ಸದ್ದು ಕೇಳಿಯೇ ತಿರುಗಿದರು. ಅವರಿಗೀಗ 84. ಒಂದು ಕಾಲದಲ್ಲಿ ಊರೂರಿಗೆ ಹೋಗಿ ಗಮಕ ಓದುತ್ತಿದ್ದವರು.

"ದಾರ ಎಳೀತಾರೇನೋ? ಕತ್ತರಿಸಬೇಕಿತ್ತು."

ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದರು. "ಹೋಗಲಿ ಬಿಡು. ಇನ್ನೊಂದು ಬರೆದು ಸೇರಿಸು. ಹಿಂದೆಲ್ಲ ಅದೇ ಮಾಡ್ತಿದ್ದದ್ದು. ಓಲೆ ಲಡ್ಡಾದರೆ ಪ್ರತಿ ಮಾಡೋದು, ಹಳೇದನ್ನ ಹೊಳೆಗೆ ಬಿಡೋದು."

ಹೊಳೆಗೆ ಬಿಡುವ ಯೋಚನೆ ನನಗಿರಲಿಲ್ಲ. ಆದರೆ ಪ್ರತಿ ಮಾಡುವ ಮಾತು ತಲೆಯಲ್ಲಿ ಕೂತುಬಿಟ್ಟಿತು. ಒಂದೇ ಓಲೆ ತಾನೇ, ಎರಡು ವಾರದಲ್ಲಿ ಮುಗಿಯುತ್ತೆ ಅಂದುಕೊಂಡೆ. ಮೂರು ತಿಂಗಳು ಹಿಡಿಯಿತು. ಮಾಡಿದ್ದನ್ನು, ಕೆಡಿಸಿದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಗರಿ

ತಾಳೆಗರಿ ಅಂದರೆ ಒಂದೇ ಮರದ್ದಲ್ಲ. ತಾಟಿನಿಂಗು ಬಿಡುವ ತಾಳೆಯ ಗರಿ ದಪ್ಪ, ಒರಟು, ಬೇಗ ಸೆಟೆದುಕೊಳ್ಳುತ್ತದೆ. ಶ್ರೀತಾಳೆಯ ಗರಿ ತೆಳು, ಅಗಲ, ಬಾಗಿಸಿದರೆ ಬಾಗುತ್ತದೆ. ನಮ್ಮ ಕಟ್ಟಿನ ಓಲೆ ಬೆಳಕಿಗೆ ಹಿಡಿದರೆ ಬೆರಳ ನೆರಳು ಕಾಣುವಷ್ಟು ತೆಳು. ಹಾಗಾಗಿ ಶ್ರೀತಾಳೆಯೇ ಇರಬೇಕು. ಈ ಮರ ಜೀವಮಾನದಲ್ಲಿ ಒಂದೇ ಸಲ ಹೂ ಬಿಡುತ್ತದೆ, ಅದೂ ಹಲವು ದಶಕ ಬೆಳೆದ ಮೇಲೆ. ಕಾಯಿ ಮಾಗಿತು ಅಂದರೆ ಮರದ ಕತೆ ಮುಗಿಯಿತು. ಕರಾವಳಿಯಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿವೆ. ಕಾರ್ಕಳದ ಕಡೆಯ ಗೆಳೆಯನೊಬ್ಬನ ತೋಟದ ಅಂಚಿನಲ್ಲಿ ಒಂದಿತ್ತು. ಅವನು ಒಂದು ಬಲಿತ ಗರಿ ಕೊಯ್ದು ಬಸ್ಸಿಗೆ ಹಾಕಿ ಕಳಿಸಿದ.

ಮೊದಲ ತಪ್ಪು ಅದೇ. ಬಲಿತ ಗರಿ ಆಗುವುದಿಲ್ಲ. ಅದರ ಮೇಲೆ ನಾನು ಅದನ್ನು ಅಂಗಳದಲ್ಲಿ ಬಿಸಿಲಿಗೆ ಹಾಕಿದೆ. ಎರಡೇ ದಿನಕ್ಕೆ ಸುರುಳಿ ಸುತ್ತಿಕೊಂಡಿತು. ನೆಟ್ಟಗೆ ಮಾಡಲು ಹೋದರೆ ಉದ್ದಕ್ಕೆ ಸೀಳಿತು. ಎಲ್ಲ ಬಚ್ಚಲ ಒಲೆಗೆ ಹೋಯಿತು.

ಎರಡನೇ ಸಲ ಇನ್ನೂ ಪೂರ್ತಿ ಬಿಚ್ಚಿಕೊಳ್ಳದ ಎಳೆ ಸುಳಿ ತರಿಸಿದೆ. ಬೀಸಣಿಗೆ ಮಡಿಸಿದಂತೆ ಇರುತ್ತದೆ ಅದು. ಒಂದೊಂದೇ ಪಟ್ಟಿ ಬಿಡಿಸಿ ನಡುವಿನ ಕಡ್ಡಿ ತೆಗೆದೆ. ಪಟ್ಟಿಗಳನ್ನು ಸಡಿಲವಾಗಿ ಸುತ್ತಿ ಹಂಡೆಗೆ ಹಾಕಿ, ಒಂದು ಹಿಡಿ ಅರಿಸಿನ ಸೇರಿಸಿ, ಸಣ್ಣ ಉರಿಯಲ್ಲಿ ಒಂದು ಗಂಟೆ ಬೇಯಿಸಿದೆ. ಅರಿಸಿನ ಹುಳಕ್ಕೆ ಆಗುವುದಿಲ್ಲ, ಗರಿಗೂ ಒಳ್ಳೇ ಬಣ್ಣ ಕೊಡುತ್ತದೆ. ಮನೆಯೆಲ್ಲ ಹಲಸಿನೆಲೆ ಕಡುಬು ಬೇಯಿಸಿದ ಪರಿಮಳ. ಮಗಳು ತಟ್ಟೆ ಹಿಡಿದುಕೊಂಡೇ ಅಡಿಗೆಮನೆಗೆ ಬಂದಳು.

ಆಮೇಲೆ ನೆರಳಲ್ಲಿ, ಹಗ್ಗದ ಮೇಲೆ ನಾಲ್ಕು ದಿನ. ಪೂರ್ತಿ ಒಣಗುವ ಮೊದಲೇ ಎರಡು ಹಲಗೆಗಳ ನಡುವೆ ಇಟ್ಟು, ಮೇಲೆ ಹಳೇ ಒರಳುಕಲ್ಲು ಹೇರಿ ಹತ್ತು ದಿನ ಬಿಟ್ಟೆ. ತೆಗೆದಾಗ ಚಪ್ಪಟೆಯಾಗಿದ್ದವು. ತುಂಗೆಯ ನುಣುಪು ಕಲ್ಲಿನಿಂದ ಎರಡೂ ಮೈ ಉಜ್ಜಿದೆ. ಇದು ಬೇಜಾರಿನ ಕೆಲಸ, ಆದರೆ ತಪ್ಪಿಸುವ ಹಾಗಿಲ್ಲ. ಉಜ್ಜದ ಓಲೆಯಲ್ಲಿ ಮೊನೆ ನಾರಿಗೆ ಸಿಕ್ಕಿಕೊಳ್ಳುತ್ತದೆ. ಹಳೇ ಓಲೆಯ ಅಳತೆಗೆ, ಅಂದರೆ 16 ಅಂಗುಲ ಉದ್ದ, ಒಂದೂವರೆ ಅಂಗುಲ ಅಗಲಕ್ಕೆ ಕತ್ತರಿಸಿದಾಗ 24ರಲ್ಲಿ ಒಳ್ಳೆಯವು 9 ಉಳಿದವು.

ತೂತಿಗೆ ಡ್ರಿಲ್ ಬಳಸಬೇಡಿ. ಅಂಚು ಸೀಳುತ್ತದೆ. ಹಳೇ ಕೊಡೆಯ ಕಡ್ಡಿಯನ್ನು ಕೆಂಪಗೆ ಕಾಯಿಸಿ ಒತ್ತಿದರೆ ಸುಟ್ಟು ತೂತಾಗುತ್ತದೆ, ಅಂಚೂ ಗಟ್ಟಿಯಾಗುತ್ತದೆ.

ಕಂಠ

ಓಲೆಯ ಮೇಲೆ ಬರೆಯುವ ಕಬ್ಬಿಣದ ಕಡ್ಡಿಗೆ ಕಂಠ ಅಂತಾರೆ. ಊರಿನ ಕುಲುಮೆಯಲ್ಲಿ ಮಾಡಿಸಿದೆ. ಸೂಜಿಯ ಹಾಗೆ ಚೂಪು ಮಾಡಿ ಕೊಟ್ಟರು, ನಾನೇ ಹಾಗೆ ಕೇಳಿದ್ದೆ. ಮೊದಲ ಅಕ್ಷರಕ್ಕೇ ಓಲೆಯ ಆ ಕಡೆಗೆ ಬಂತು. ಮೊನೆ ಚೂಪಿರಬಾರದು. ಕೊಯ್ಯಬಾರದು, ಗೀರಬೇಕು. ಸಾಣೆಕಲ್ಲಿನಲ್ಲಿ ಮೊನೆ ಸ್ವಲ್ಪ ಮೊಂಡು ಮಾಡಿ ಹಳೇ ಚಪ್ಪಲಿಯ ತೊಗಲಿಗೆ ಉಜ್ಜಿದ ಮೇಲೆ ಸರಿಹೋಯಿತು.

ಹಿಡಿಯುವ ರೀತಿಯೂ ಪೆನ್ನಿನ ಹಾಗಲ್ಲ. ಬಲಗೈ ಮುಷ್ಟಿಯಲ್ಲಿ ಕಂಠ, ಅದರ ಮೊನೆಗೆ ಎಡಗೈ ಹೆಬ್ಬೆರಳ ಆಸರೆ. ಓಲೆ ಎಡ ಅಂಗೈ ಮೇಲೆ. ಕಂಠ ಹೆಚ್ಚು ಓಡಾಡುವುದಿಲ್ಲ, ಓಲೆಯೇ ಎಡಕ್ಕೆ ಜರುಗುತ್ತಾ ಹೋಗುತ್ತದೆ. ಇದು ಕೈಗೆ ಹತ್ತಲು ಒಂದು ವಾರ ಹಿಡಿಯಿತು, ಮೂರು ಓಲೆ ಹಾಳಾದವು.

ನಮ್ಮ ಅಕ್ಷರ ಗುಂಡಗಾದದ್ದು ಓಲೆಯಿಂದ ಅಂತ ಎಲ್ಲರೂ ಹೇಳುತ್ತಾರೆ. ಕಾರಣ ಅದೊಂದೇ ಅಂತ ನಾನು ಹೇಳಲಾರೆ. ಆದರೆ ಸುಮ್ನೆ ಒಂದು ಅಡ್ಡಗೆರೆ ಎಳೆದು ನೋಡಿ. ಮೊನೆ ನಾರಿನ ಜೊತೆಗೇ ಜಾರಿಕೊಂಡು ಹೋಗುತ್ತದೆ, ಓಲೆ ಅಲ್ಲೇ ಬಾಯಿ ಬಿಡುತ್ತದೆ. ಸುತ್ತು ಹಾಕಿದರೆ ಆ ತೊಂದರೆ ಇಲ್ಲ. ನನ್ನ ಮೊದಲ ತಲೆಕಟ್ಟುಗಳು ನೆಟ್ಟಗಿದ್ದವು. ಎರಡನೇ ಓಲೆಗೆ ಬರುವಷ್ಟರಲ್ಲಿ ತಾವಾಗಿಯೇ ಬಾಗಿದ್ದವು.

ಇನ್ನೊಂದು, ಅದರ ಸದ್ದು. ಗೆದ್ದಲು ಮರ ಕೊರೆಯುವ ಹಾಗೆ ಕರಕರ ಅನ್ನುತ್ತದೆ. ತನ್ನ ಹೆಚ್ಚುಗಾರಿಕೆ ಹೇಳಿಕೊಳ್ಳುವಾಗ ಕುಮಾರವ್ಯಾಸ 'ಕಂಠಪತ್ರದ ಉಲುಹುಗೆಡದಗ್ಗಳಿಕೆ' ಅನ್ನುತ್ತಾನೆ. ಬರೆಯುತ್ತಾ ಕೂತರೆ ಕಂಠದ ಸದ್ದು ನಿಲ್ಲುವುದೇ ಇಲ್ಲವಂತೆ. ಕಾಲೇಜಿನಲ್ಲಿ ಇದನ್ನು ಓದಿದಾಗ ಏನೋ ಅಲಂಕಾರ ಅಂದುಕೊಂಡಿದ್ದೆ. ನನ್ನ ಉಲುಹು ಎರಡಕ್ಷರಕ್ಕೊಮ್ಮೆ ನಿಲ್ಲುತ್ತಿತ್ತು.

ಬರೆದದ್ದು

ಹಳೇ ಓಲೆ ಓದುವುದೇ ಒಂದು ಕೆಲಸ. ಪದಗಳ ನಡುವೆ ಜಾಗ ಇಲ್ಲ. ಪದ್ಯದ ಸಾಲು ಮುಗಿದರೂ ಗುರುತಿಲ್ಲ, ಪದ್ಯ ಮುಗಿದಲ್ಲಿ ಮಾತ್ರ ಎರಡು ಗೀಟು. ಎ-ಏ, ಒ-ಓ ಭೇದ ಇಲ್ಲ. ಥ ಮತ್ತು ಧ ಒಂದೇ ಥರ, ವ ಮತ್ತು ಪ ಅಣ್ಣತಮ್ಮ. ಮೊದಲ ಪದ್ಯದ ನಡುಭಾಗ ಹೀಗೆ ಕಾಣುತ್ತದೆ: ಪಿತನೆಜಗಕತಿಪಾವನನೆಸನಕಾದಿಸಜ್ಜನನಿಕರದಾತಾರ. ಉಸಿರು ಬಿಡಲು ಎಡೆಯಿಲ್ಲ.

ನಾನು ಮುರಿದ ಕಡೆ ಒಂದೊಂದು ಸಾಲಿಗೂ ಐದಾರು ಅಕ್ಷರ ಹೋಗಿದ್ದವು. ಅಲ್ಲಿ ಚಿಕ್ಕಜ್ಜನ ಬಾಯಿ, ಕಪಾಟಿನ ಅಚ್ಚಿನ ಪುಸ್ತಕ ಎರಡನ್ನೂ ಕೇಳಿ ತುಂಬಿಸಿದೆ. ಹಾಗೆ ತುಂಬಿದ ಅಕ್ಷರಗಳ ಕೆಳಗೆ ಒಂದೊಂದು ಚುಕ್ಕಿ ಇಟ್ಟಿದ್ದೇನೆ. ಮುಂದೆ ಯಾರಾದರೂ ಓದಿದರೆ ಇದು ಓಲೆಯಲ್ಲಿ ಕಂಡದ್ದಲ್ಲ, ಹೊರಗಿನಿಂದ ತಂದದ್ದು ಅಂತ ಗೊತ್ತಾಗಬೇಕಲ್ವಾ.

ಯಾರೂ ನನಗೆ ಮೊದಲೇ ಹೇಳದಿದ್ದ ಸಂಗತಿ ಒಂದಿದೆ. ಬರೆಯುವಾಗ ಬರೆದದ್ದು ಕಾಣುವುದಿಲ್ಲ. ಮಸಿ ಆಮೇಲೆ ಹಚ್ಚುವುದು. ಅಲ್ಲಿಯವರೆಗೆ ತಿಳಿ ಹಳದಿಯ ಮೇಲೆ ಬರೀ ಗೀರು. ಟ್ಯೂಬ್‌ಲೈಟ್ ಕೆಳಗೆ ಏನೂ ಗೊತ್ತಾಗುವುದಿಲ್ಲ. ಪಕ್ಕದಿಂದ ಓರೆಯಾಗಿ ಬೆಳಕು ಬಿದ್ದರೆ ಗೀರಿನ ನೆರಳು ಕಾಣುತ್ತದೆ. ಕೊನೆಗೆ ಎಡಗಡೆ ಒಂದು ಟೇಬಲ್ ಲ್ಯಾಂಪ್ ಇಟ್ಟುಕೊಂಡು ಕೂತೆ. ಹಿಂದಿನ ಲಿಪಿಕಾರರು ಹರಳೆಣ್ಣೆ ದೀಪ ಇಟ್ಟುಕೊಂಡು ಕೂರುತ್ತಿದ್ದರು.

ಒಂದು ಮಗ್ಗುಲಿಗೆ ಏಳು ಸಾಲು, ಐದು ಪದ್ಯ. ಮೂರೂವರೆ ಗಂಟೆ. ಎದ್ದಾಗ ಕತ್ತು ತಿರುಗುತ್ತಿರಲಿಲ್ಲ. ಹಳೇ ಪ್ರತಿಗಳ ಕೊನೆಗೆ ಲಿಪಿಕಾರರು ಬರೆಯುತ್ತಿದ್ದ ಶ್ಲೋಕ ಒಂದಿದೆ, 'ಭಗ್ನಪೃಷ್ಠಕಟಿಗ್ರೀವಃ' ಅಂತ ಶುರುವಾಗುತ್ತದೆ. ಬೆನ್ನು, ಸೊಂಟ, ಕತ್ತು ಮುರಿದು, ಕಣ್ಣು ಕೀಲಿಸಿ, ತಲೆ ಬಗ್ಗಿಸಿ ಕಷ್ಟಪಟ್ಟು ಬರೆದಿದ್ದೇನೆ, ಜೋಪಾನವಾಗಿ ಕಾಪಾಡಿ ಅಂತ ಅರ್ಥ. ಅದರಲ್ಲಿ ಒಂದಕ್ಷರವೂ ಉತ್ಪ್ರೇಕ್ಷೆಯಲ್ಲ.

ಲೆಕ್ಕ ಹಾಕಿದೆ. ಕುಮಾರವ್ಯಾಸ ಭಾರತದಲ್ಲಿ 8 ಸಾವಿರಕ್ಕೂ ಹೆಚ್ಚು ಪದ್ಯಗಳಿವೆ. ಓಲೆಗೆ 10 ಪದ್ಯ ಅಂದರೂ 800 ಓಲೆ. ನನ್ನ ವೇಗದಲ್ಲಿ, ದಿನಕ್ಕೆ ನಾಲ್ಕು ಗಂಟೆಯಂತೆ, ಮೂರು ಮುಕ್ಕಾಲು ವರ್ಷಕ್ಕೂ ಮೇಲೆ. 10ನೇ ಶತಮಾನದ ಕೊನೆಗೆ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದಳು ಅಂತ ಶಾಲೆಯಲ್ಲಿ ಎರಡು ಅಂಕಕ್ಕೆ ಓದಿದ್ದೆವಲ್ಲ. ಆ ರಾತ್ರಿ ಕತ್ತಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಆ ಸಾವಿರ ಅನ್ನುವ ಸಂಖ್ಯೆ ನೆನಪಾಯಿತು.

ಮಸಿ, ಮತ್ತು ಕಂಡ ತಪ್ಪುಗಳು

ಹರಳೆಣ್ಣೆ ದೀಪದ ಮೇಲೆ ಹಿತ್ತಾಳೆ ತಟ್ಟೆ ಕವುಚಿ ಮಸಿ ಹಿಡಿದೆ. ನಾಲ್ಕು ಹನಿ ಎಳ್ಳೆಣ್ಣೆಯಲ್ಲಿ ಕಲಸಿ, ಬಟ್ಟೆ ಉಂಡೆಯಿಂದ ಇಡೀ ಓಲೆಗೆ ಬಳಿದೆ. ಓಲೆ ಕಪ್ಪು ಮುದ್ದೆಯಾಯಿತು. ಹಾಳಾಯಿತು ಅಂತಲೇ ಅನ್ನಿಸುತ್ತದೆ. ಒಣಬಟ್ಟೆಯಲ್ಲಿ ಒರೆಸಿದರೆ ಮೇಲಿನ ಮಸಿಯೆಲ್ಲ ಹೋಗಿ ಗೀರಿನೊಳಗಿನದು ಮಾತ್ರ ನಿಲ್ಲುತ್ತದೆ. ಅಕ್ಷರಗಳು ಒಂದೊಂದಾಗಿ ಎದ್ದು ಬಂದವು. ಅಷ್ಟು ದಿನದ ಸುಸ್ತೆಲ್ಲ ಇಳಿಯಿತು.

ಆಮೇಲೆ ಓದಿದೆ. ಒಂದೇ ಮಗ್ಗುಲಲ್ಲಿ 14 ತಪ್ಪು.

ಇಲ್ಲಿಂದ ಮುಂದೆ ನನಗೆ ಕೈಕೆಲಸಕ್ಕಿಂತ ಇದೇ ಜಾಸ್ತಿ ಮುಖ್ಯ ಅನ್ನಿಸತೊಡಗಿತು. ಇದು ಭಾಮಿನಿ ಷಟ್ಪದಿ. ಆರು ಸಾಲು. 1, 2, 4, 5ನೇ ಸಾಲಿಗೆ 14 ಮಾತ್ರೆ. 3 ಮತ್ತು 6ಕ್ಕೆ 23. ಒಟ್ಟು 102. ಗಣಗಳು ಮೂರು-ನಾಲ್ಕು, ಮೂರು-ನಾಲ್ಕು ಹೀಗೆ ಹೋಗಬೇಕು. ಜೊತೆಗೆ ಆರೂ ಸಾಲಿನ ಎರಡನೇ ಅಕ್ಷರ ಒಂದೇ ವ್ಯಂಜನ. ಮೊದಲ ಪದ್ಯದಲ್ಲಿ ಅದು ವಕಾರ: ಶ್ರೀವ, ಜೀವ, ಪಾವ, ರಾವ, ಧಾವಿ, ಕಾವು. ಬ್ಯಾಂಕಿನವರು ದಿನದ ಕೊನೆಗೆ ಕ್ಯಾಷ್ ತಾಳೆ ನೋಡುತ್ತಾರಲ್ಲ, ಹಾಗೆ ಒಂದೊಂದು ಪದ್ಯಕ್ಕೂ ಲೆಕ್ಕ ಅದರ ಹೊಟ್ಟೆಯಲ್ಲೇ ಇದೆ.

ಮೂರನೇ ಸಾಲು 'ಪಾವನನೆ ಸನಕಾದಿ ಸಜ್ಜನನಿಕರ ದಾತಾರ'. ನಾನು ಬರೆದದ್ದು 'ಪಾವನೆ ಸನಕಾದಿ ಸಜ್ಜನಿಕರ ದಾತಾರ'. ಎರಡು ನ ಪಕ್ಕಪಕ್ಕ ಬಂದ ಕಡೆ ಕಣ್ಣು ಒಂದನ್ನು ನುಂಗಿದೆ. ಅದೂ ಒಂದೇ ಸಾಲಿನಲ್ಲಿ ಎರಡು ಸಲ. ಓದಿದರೆ ಗೊತ್ತೇ ಆಗುವುದಿಲ್ಲ, ಎಣಿಸಿದರೆ 23ರ ಬದಲು 21. ಹೀಗೆ ಎಣಿಸಿ ಆರು ತಪ್ಪು ಹಿಡಿದೆ.

ಸಮಾಧಾನದಿಂದ ಚಿಕ್ಕಜ್ಜನ ಮುಂದೆ ಕೂತು ನನ್ನ ಪ್ರತಿಯನ್ನು ಜೋರಾಗಿ ಓದಿದೆ. ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳು ಆಡಿಸುತ್ತಾ ಕೇಳುತ್ತಿದ್ದರು. ಮೊದಲ ಸಾಲಿಗೇ ಬೆರಳು ನಿಂತಿತು.

"ಏನಂದೆ?"

"ಶ್ರೀವನಿತೆಯರಸನೆ ಕಮಲ ರಾ..."

"ಕಮಲವೂ ರಾಜೀವವೂ ಒಂದೇ ಅಲ್ವೇನೋ? ಕವಿಗೆ ಬೇರೆ ಪದ ಸಿಗಲಿಲ್ವಾ? ವಿಮಲ ಅದು. ವಿಮಲ ರಾಜೀವ."

ಕಮಲ, ವಿಮಲ ಎರಡೂ ಮೂರು ಮಾತ್ರೆ. ಛಂದಸ್ಸಿನ ಲೆಕ್ಕ ಸರಿಯಾಗಿಯೇ ಇತ್ತು. ಪ್ರಾಸಕ್ಕೂ ಧಕ್ಕೆ ಇಲ್ಲ. ಇದು ಕಣ್ಣಿನ ತಪ್ಪಲ್ಲ, ಬುದ್ಧಿಯ ತಪ್ಪು. ಮುಂದೆ ರಾಜೀವ ಬರುತ್ತದೆ ಅಂತ ಗೊತ್ತಿದ್ದ ನನ್ನ ತಲೆ ತಾನಾಗಿ ತಾವರೆಯನ್ನು ತಂದು ಕೂರಿಸಿತು. ಅರ್ಥ ಗೊತ್ತಿಲ್ಲದವನು ಸುಮ್ನೆ ಕಂಡದ್ದನ್ನು ಗೀರಿದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲ. ಅರ್ಥ ಗೊತ್ತಿದ್ದವರೇ ಒಳ್ಳೇ ಪ್ರತಿ ಮಾಡುತ್ತಾರೆ ಅಂತ ನಾನು ಅಲ್ಲಿಯವರೆಗೆ ನಂಬಿದ್ದೆ. ಈಗ ನನಗೆ ದಡ್ಡ ಲಿಪಿಕಾರನ ಮೇಲೆ ಗೌರವ ಬಂದಿದೆ. ಅವನು ಬಿಟ್ಟ ಅಕ್ಷರ ಪದ್ಯವನ್ನು ಕುಂಟಿಸುತ್ತದೆ, ಕೇಳಿದವರಿಗೆ ಗೊತ್ತಾಗುತ್ತದೆ. ಜಾಣನ ತಪ್ಪು ಚೆನ್ನಾಗಿ ನಡೆದುಕೊಂಡು ಹೋಗಿಬಿಡುತ್ತದೆ.

ಚಿಕ್ಕಜ್ಜ ಹಾಗೆ ನಾಲ್ಕು ಹಿಡಿದರು. ಅವರ ಕೈಯಲ್ಲಿ ಪುಸ್ತಕ ಇರಲಿಲ್ಲ. ಉಳಿದ ಮೂರು ಸಿಕ್ಕಿದ್ದು ಹಳೇ ಓಲೆ, ಹೊಸ ಓಲೆ ಪಕ್ಕಪಕ್ಕ ಇಟ್ಟು ಕೊನೆಯಿಂದ ಮೊದಲಿಗೆ ಒಂದೊಂದೇ ಅಕ್ಷರ ಹೋಲಿಸಿದಾಗ. 'ಮಥನ' ಅನ್ನುವುದನ್ನು 'ಮಧನ' ಮಾಡಿದ್ದೆ, ಅಂಥವು. ಹಿಂದಿನಿಂದ ಓದಿದರೆ ಅರ್ಥ ಅಡ್ಡ ಬರುವುದಿಲ್ಲ, ಕಣ್ಣು ಅಕ್ಷರವನ್ನಷ್ಟೇ ನೋಡುತ್ತದೆ. ಎಲ್ಲ ಸೇರಿ 13 ಆಯಿತು. ಅಚ್ಚಿನ ಪುಸ್ತಕದ ಜೊತೆ ನೋಡಿದಾಗ 14ನೆಯದು.

ಓಲೆಯಲ್ಲಿ ಅಳಿಸುವುದು ಅಂತ ಇಲ್ಲ. ಬಿಟ್ಟ ಅಕ್ಷರಕ್ಕೆ ಹಂಸಪಾದ ಹಾಕಿ ಸಾಲಿನ ಮೇಲೆ ಚಿಕ್ಕದಾಗಿ ಬರೆಯಬೇಕು. ತಪ್ಪಕ್ಷರದ ನೆತ್ತಿಗೆ ಗೀಟು. 14 ಅಂದರೆ ಗುಬ್ಬಿ ಓಡಾಡಿದ ಅಂಗಳದ ಹಾಗೆ ಕಂಡಿತು. ಆ ಓಲೆಯನ್ನು ಹಾಗೇ ತೆಗೆದಿಟ್ಟು ಇನ್ನೊಂದು ಬರೆದೆ. ಅದರಲ್ಲಿ ನಾಲ್ಕು ತಪ್ಪು.

ಓಲೆಯೇ ಇಲ್ಲದವರು

ಶಿವಮೊಗ್ಗದ ಹತ್ತಿರದ ಮತ್ತೂರಿಗೆ ಹಿಂದೊಮ್ಮೆ ಬೆಳಿಗ್ಗೆ ಹೋಗಿದ್ದಾಗ ವೇದಪಾಠ ಕೇಳಿದ್ದೆ. ಹುಡುಗರು ಒಂದೇ ಪದವನ್ನು ಹಿಂದೆ ಮುಂದೆ ತಿರುಗಿಸಿ ಹೇಳುವುದು ಆಗ ಆಟದ ಹಾಗೆ ಕಂಡಿತ್ತು. 14 ತಪ್ಪು ಕಂಡ ಮೇಲೆ ಅದರ ಕೆಲಸ ಏನು ಅಂತ ಹೊಳೆಯಿತು.

ಋಗ್ವೇದದ ಮೊದಲ ಮಂತ್ರ ತೆಗೆದುಕೊಳ್ಳಿ. ಪದಪಾಠದಲ್ಲಿ ಪದ ಬಿಡಿಸಿ ಹೇಳುತ್ತಾರೆ: ಅಗ್ನಿಂ, ಈಳೇ, ಪುರೋಹಿತಂ. ಕ್ರಮಪಾಠದಲ್ಲಿ ಎರಡೆರಡು ಕೊಂಡಿ ಹಾಕುತ್ತಾರೆ: ಅಗ್ನಿಮೀಳೇ, ಈಳೇ ಪುರೋಹಿತಂ, ಪುರೋಹಿತಂ ಯಜ್ಞಸ್ಯ. ಜಟೆಯಲ್ಲಿ ಒಂದು-ಎರಡು, ಎರಡು-ಒಂದು, ಒಂದು-ಎರಡು. ಘನಪಾಠಕ್ಕೆ ಬಂದರೆ ಒಂದು-ಎರಡು, ಎರಡು-ಒಂದು, ಒಂದು-ಎರಡು-ಮೂರು, ಮೂರು-ಎರಡು-ಒಂದು, ಮತ್ತೆ ಒಂದು-ಎರಡು-ಮೂರು. ಆಮೇಲೆ ಎರಡನೇ ಪದದಿಂದ ಇದೇ ಸುತ್ತು. ಕಾಗದದ ಮೇಲೆ ಎಣಿಸಿದೆ: ನಡುವಿನ ಯಾವುದೇ ಪದ 13 ಸಲ ಬಾಯಿಗೆ ಬರುತ್ತದೆ. ಅಕ್ಕಪಕ್ಕದ ಪದ ಬದಲಾದಾಗೆಲ್ಲ ಸಂಧಿಯೂ ಸ್ವರವೂ ಬದಲಾಗುತ್ತದೆ. ಹಿಂದುಮುಂದಾಗಿ ಹೇಳುವಾಗ ಅರ್ಥಕ್ಕೆ ಅಲ್ಲಿ ಜಾಗವೇ ಇಲ್ಲ. ವಿಮಲದ ಜಾಗಕ್ಕೆ ಕಮಲ ಬಂದು ಕೂರಲು ಎಡೆಯೇ ಸಿಗುವುದಿಲ್ಲ. ನಾನು ಹಿಂದಿನಿಂದ ಓದಿ ಮಾಡಿದ್ದನ್ನೇ ಅವರು ಬಾಯಲ್ಲಿ ಮಾಡುತ್ತಿದ್ದರು.

ಪುಣೆಯ ಭಂಡಾರ್ಕರ್ ಸಂಸ್ಥೆಯಲ್ಲಿ ಋಗ್ವೇದದ 30 ಹಸ್ತಪ್ರತಿಗಳಿವೆ, ಯುನೆಸ್ಕೊ ಪಟ್ಟಿಗೂ ಸೇರಿವೆ. ಅವುಗಳಲ್ಲಿ ಹಳೆಯದು 1464ರದ್ದು. ಮಂತ್ರಗಳು ಹುಟ್ಟಿ ಆ ಹೊತ್ತಿಗೇ ಎರಡೂವರೆ ಸಾವಿರ ವರ್ಷಕ್ಕೂ ಮೇಲಾಗಿತ್ತು. ಹಸ್ತಪ್ರತಿ ಬಹುಮಟ್ಟಿಗೆ ಬಾಯಿಯ ಸಾಕ್ಷಿ ಮಾತ್ರ.

ಒಂದು ಪದ

ಬಾಯಿಪಾಠದ ಕಾವಲೂ ಇಲ್ಲದೆ, ಷಟ್ಪದಿಯ ಲೆಕ್ಕವೂ ಇಲ್ಲದೆ, ಬರೀ ಓಲೆಯ ಮೇಲೆಯೇ ನಿಂತ ಗ್ರಂಥಗಳ ಕತೆ ಬೇರೆ. ಮೂಡುಬಿದಿರೆಯ ಧವಲಾ ಪ್ರತಿಗಳು ಅಂಥವು. ಷಟ್ಖಂಡಾಗಮ ದಿಗಂಬರ ಜೈನರ ಮೂಲ ಆಗಮ, ಧವಲಾ ಅದಕ್ಕೆ ವೀರಸೇನ ಬರೆದ ವ್ಯಾಖ್ಯಾನ. ಭಾಷೆ ಪ್ರಾಕೃತ, ಸಂಸ್ಕೃತ. ಲಿಪಿ ಮಾತ್ರ ಹಳಗನ್ನಡದ್ದು. ಹೊಯ್ಸಳರ ಕಾಲದ ಆ ಓಲೆಗಳು ಬಸದಿಯ ಪೆಟ್ಟಿಗೆಯಲ್ಲಿ ಶತಮಾನಗಟ್ಟಲೆ ಇದ್ದವು. ಜನ ದರ್ಶನ ಮಾಡಿ ಕೈಮುಗಿದು ಹೋಗುತ್ತಿದ್ದರು. 19ನೇ ಶತಮಾನದ ಕೊನೆಗೆ ಪ್ರತಿ ತೆಗೆಯುವ ಕೆಲಸ ಶುರುವಾಯಿತು. ಆ ಪ್ರತಿಯಿಂದ ಪ್ರತಿಯಾಗಿ ಹೊರಗೆ ಹೋದದ್ದನ್ನು ಇಟ್ಟುಕೊಂಡು ಹೀರಾಲಾಲ್ ಜೈನ್ 1939ರಲ್ಲಿ ಮೊದಲ ಸಂಪುಟ ಅಚ್ಚು ಮಾಡಿಸಿದರು.

ಅದರ 93ನೇ ಸೂತ್ರ ಹೆಂಗಸರು ಆಧ್ಯಾತ್ಮದಲ್ಲಿ ಯಾವ ಮೆಟ್ಟಿಲವರೆಗೆ ಏರಬಲ್ಲರು ಅನ್ನುವುದಕ್ಕೆ ಸಂಬಂಧಿಸಿದ್ದು. ಸಂಪಾದಕರ ಕೈಯಲ್ಲಿದ್ದ ಪ್ರತಿಯ ಪಾಠ ಮುಂದಿನ ವಿವರಣೆಗೆ ಹೊಂದುತ್ತಿರಲಿಲ್ಲ. ಇಲ್ಲಿ 'ಸಂಜದ' ಅಂದರೆ ಸಂಯತ (ಪೂರ್ತಿ ಸಂಯಮ ಪಾಲಿಸುವ ಮೆಟ್ಟಿಲು) ಅನ್ನುವ ಪದ ಬಿಟ್ಟುಹೋಗಿರಬೇಕು ಅಂತ ಅವರು ಅಡಿಟಿಪ್ಪಣಿ ಹಾಕಿದರು. ದೊಡ್ಡ ಜಗಳವೇ ಆಯಿತು. ಆಮೇಲೆ ಮೂಡುಬಿದಿರೆಯ ಓಲೆ ನೋಡಿದರೆ ಪದ ಅಲ್ಲೇ ಇತ್ತು. ಎಷ್ಟೋ ನೂರು ವರ್ಷ ಓಲೆಯಲ್ಲಿ ಉಳಿದಿದ್ದ ಪದ ಕೆಲವೇ ದಶಕಗಳ ಪ್ರತಿಯಲ್ಲಿ ಉದುರಿತ್ತು. ನನ್ನ 'ಪಾವನೆ'ಗೂ ಅದಕ್ಕೂ ಏನು ವ್ಯತ್ಯಾಸ? ಅಲ್ಲಿ ಉದುರಿದ್ದಕ್ಕೆ ಬೆಲೆ ಜಾಸ್ತಿ. ಅಷ್ಟಾದ ಮೇಲೆ ಹಳೇದನ್ನು ಹೊಳೆಗೆ ಬಿಡುವ ಮಾತನ್ನು ನಾನು ಚಿಕ್ಕಜ್ಜನ ಮುಂದೆಯೂ ಒಪ್ಪಲಿಲ್ಲ.

ಮತ್ತೆ ಕಟ್ಟಿದ್ದು

ಹಳೇ 84 ಓಲೆಗಳ ವಿಷಯದಲ್ಲಿ ನಾನು ಧೈರ್ಯ ತೋರಿಸಲಿಲ್ಲ. ಮೆತ್ತನೆಯ ಒಣ ಬ್ರಷ್‌ನಿಂದ ಧೂಳು ತೆಗೆದೆ. ನೀರು ಮುಟ್ಟಿಸಲಿಲ್ಲ. ಮಸಿ ಮಾಸಿದ್ದ ಕಡೆಗೂ ಹೊಸ ಮಸಿ ಹಚ್ಚಲಿಲ್ಲ, ಓರೆ ಬೆಳಕಿನಲ್ಲಿ ಓದಲು ಆಗುತ್ತದೆ. ಎರಡೆರಡು ಅಂಟಿಕೊಂಡಿದ್ದ ಓಲೆಗಳನ್ನು ಬಿಡಿಸುವುದು ಗೊತ್ತಿದ್ದವರ ಕೆಲಸ, ಹಾಗೇ ಬಿಟ್ಟಿದ್ದೇನೆ. ನಿಮ್ಮ ಮನೆಯಲ್ಲಿ ಇಂಥದ್ದಿದ್ದರೆ ಮೊದಲು ಮೊಬೈಲಿನಲ್ಲಿ ಒಂದೊಂದರ ಫೋಟೊ ತೆಗೆಯಿರಿ. ದಾರ ಎಳೆಯಬೇಡಿ. ಇದನ್ನು ಬರೆಯುವ ಅಧಿಕಾರ ನನಗಿದೆ.

ಮುರಿದ ಮೊದಲ ಓಲೆಯನ್ನು ಕಾಗದದ ಮಡಿಕೆಯಲ್ಲಿಟ್ಟು, ಅದರ ಮೇಲೆ ಹೊಸದನ್ನು ಇಟ್ಟೆ. ಹೊಸ ಹತ್ತಿ ದಾರ, ಓಲೆ ತಿರುವಲು ಬರುವಷ್ಟು ಸಡಿಲ. ಮೇಲೆ ಕೆಳಗೆ ಹಳೇ ಹಲಸಿನ ಹಲಗೆಗಳೇ. ಆದರೆ ಹೊರಗಿನ ಬಟ್ಟೆ ಬಿಗಿಯಾಗಿ ಸುತ್ತಬೇಕು. ಸಡಿಲ ಇದ್ದರೆ ಓಲೆ ಸೊಟ್ಟಗಾಗುತ್ತದೆ, ಹುಳಕ್ಕೂ ದಾರಿಯಾಗುತ್ತದೆ. ಎಣ್ಣೆಯಿಂದ ಕಾಪಾಡು, ನೀರಿನಿಂದ ಕಾಪಾಡು, ಸಡಿಲ ಕಟ್ಟಿನಿಂದ ಕಾಪಾಡು, ಮೂರ್ಖನ ಕೈಗೆ ಕೊಡಬೇಡ ಅಂತ ಪುಸ್ತಕವೇ ಬೇಡಿಕೊಳ್ಳುವ ಇನ್ನೊಂದು ಶ್ಲೋಕ ಇದೆ. ನಾಲ್ಕನೆಯದು ಯಾರಿಗೆ ಹೇಳಿದ್ದು ಅಂತ ಗೊತ್ತಾಗಿದೆ. ಬಜೆ ಬೇರು, ಲವಂಗ, ಕರ್ಪೂರ ಸೇರಿಸಿದ ಚಿಕ್ಕ ಗಂಟು ಪಕ್ಕದಲ್ಲಿಟ್ಟೆ. ಆರು ತಿಂಗಳಿಗೊಮ್ಮೆ ಬದಲಿಸಬೇಕು, ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ. ಅಟ್ಟಕ್ಕೆ ಮತ್ತೆ ಹಾಕಲಿಲ್ಲ.

ಕಟ್ಟುವ ಮೊದಲು ಚಿಕ್ಕಜ್ಜ ಹೊಸ ಓಲೆಯನ್ನು ಕೈಗೆ ತೆಗೆದುಕೊಂಡು, ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಕೊನೆಗೆ ಏನೂ ಬರೆದಿಲ್ವಲ್ಲೋ?"

"ಏನು ಬರೀಬೇಕು?"

"ಕರಕೃತಮಪರಾಧಂ ಕ್ಷಂತುಮರ್ಹಂತಿ ಸಂತಃ. ಕೈ ಮಾಡಿದ ತಪ್ಪನ್ನ ಒಳ್ಳೆಯವರು ಕ್ಷಮಿಸಬೇಕು ಅಂತ. ಅದು ಬರೀದೆ ಪ್ರತಿ ಮುಗಿಯಲ್ಲ."

ಅಂಚಿನಲ್ಲಿ ಒಂದೂವರೆ ಅಂಗುಲ ಜಾಗ ಇತ್ತು. ಬರೆದೆ. ಮಸಿ ಹಚ್ಚಿ ಒರೆಸಿದ ಮೇಲೆ ನೋಡಿದರೆ ಕ್ಷಂತು ಅನ್ನುವಲ್ಲಿ ಸೊನ್ನೆ ಬಿಟ್ಟಿದ್ದೆ. ಅದಕ್ಕೂ ಒಂದು ಹಂಸಪಾದ ಹಾಕಿದೆ.

ಎರಡನೇ ಓಲೆಯ ಬಲ ಅಂಚಿನಲ್ಲೂ ಸಣ್ಣ ಬಿರುಕು ಕಾಣುತ್ತಿದೆ. ಹದ ಮಾಡಿದ ಗರಿ ಇನ್ನೂ ನಾಲ್ಕು ಉಳಿದಿವೆ, ಒರಳುಕಲ್ಲಿನ ಕೆಳಗೇ ಇವೆ.